ಪೇಪರ್ ಮೊದಲು, ದುಡ್ಡು ಆಮೇಲೆ: ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಪಡೆದ ನನ್ನ ಅನುಭವ

ಪೈಲಟ್ ಪರೀಕ್ಷೆಯ ಪೇಪರ್ ಎಲ್ಲ ಪಾಸಾದ ಮೇಲೆಯೇ ಫ್ಲೈಯಿಂಗ್ ಸ್ಕೂಲಿಗೆ ದುಡ್ಡು ಕಟ್ಟುತ್ತೇನೆ ಅಂದಾಗ ನಮ್ಮೂರು ಪೆರ್ಲದಲ್ಲಿ ನಕ್ಕವರೇ ಜಾಸ್ತಿ. "ಮೊದಲು ಸೀಟು ಹಿಡಿ ಮಾರಾಯ, ಓದು ಅಲ್ಲಿ ಆಗ್ತದೆ" ಅಂದರು ಗೆಳೆಯರು. ಈಗ ಲೈಸೆನ್ಸ್ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಮೆಡಿಕಲ್ ಟೆಸ್ಟ್ ಮುಗಿಸಿದೆ, ಕ್ಲಾಸ್ 2, ಆಮೇಲೆ ಇನ್ನೂ ಕಟ್ಟುನಿಟ್ಟಿನ ಕ್ಲಾಸ್ 1. ಕಣ್ಣು ಸರಿಯಿಲ್ಲದಿದ್ದರೆ ತೋಟ ಅಡವಿಟ್ಟು ಏನು ಪ್ರಯೋಜನ, ಅಲ್ವಾ? ರೆಗ್ಯುಲೇಷನ್ಸ್ (ವಿಮಾನಯಾನ ನಿಯಮಗಳು) ಪೇಪರ್ ಸುಲಭ ಅಂತ ಸುಮ್ನೆ ಬಿಟ್ಟಿದ್ದೆ. 70 ಬೇಕಿತ್ತು, 66 ಬಂತು.

ಮೆಟ್, ಅಂದರೆ ಹವಾಮಾನದ ಪೇಪರಿಗೆ ಮಾತ್ರ ನನ್ನದೇ ದಾರಿ. ಮಳೆಗಾಲದ ಸಂಜೆ ಬೈಕಿನಲ್ಲಿ ಪೊಸಡಿಗುಂಪೆ ಗುಡ್ಡಕ್ಕೆ ಹೋಗಿ, ಕಡಲ ಕಡೆಯಿಂದ ಬರುವ ಮೋಡದ ತಳ ಎಷ್ಟು ಅಡಿಯಲ್ಲಿದೆ ಅಂತ ಅಂದಾಜು ಬರೆದು, ಮೊಬೈಲಿನಲ್ಲಿ ಮಂಗಳೂರಿನ ಮೆಟಾರ್ (ವಿಮಾನ ನಿಲ್ದಾಣದ ಹವಾಮಾನ ವರದಿ) ತೆಗೆದು ತಾಳೆ ನೋಡುತ್ತಿದ್ದೆ. ಒಂದು ತಿಂಗಳು ಪೂರ್ತಿ ತಪ್ಪು. ಮೆಟಾರ್‌ನ ಲೆಕ್ಕ ನಿಲ್ದಾಣದ ಮಟ್ಟದಿಂದ; ಗುಡ್ಡವೇ ಸುಮಾರು ಸಾವಿರ ಅಡಿ, ಅದನ್ನು ಕೂಡಿಸಿ ಮಂಗಳೂರು ನಿಲ್ದಾಣವಿರುವ ಬಜ್ಪೆಯ ರನ್‌ವೇಯ ಎತ್ತರ ಮುನ್ನೂರು ಚಿಲ್ಲರೆ ಅಡಿ ಕಳೆಯಬೇಕಿತ್ತು! ಕೊನೆಗೆ ಮೆಟ್‌ನಲ್ಲಿ 84. ಕೋಚಿಂಗ್‌ಗೆ ಒಂದು ಪೈಸೆ ಕೊಟ್ಟಿಲ್ಲ.

ಆರ್‌ಟಿಆರ್, ಅಂದರೆ ವಿಮಾನದ ರೇಡಿಯೋದಲ್ಲಿ ಮಾತಾಡುವ ಲೈಸೆನ್ಸಿನ ಮೌಖಿಕ ಪರೀಕ್ಷೆಯಲ್ಲಿ ಎರಡು ಸಲ ಬಿದ್ದೆ. 3, 5ಕ್ಕೆ ರೇಡಿಯೋದಲ್ಲಿ ಹೇಳಬೇಕಾದ 'ಟ್ರೀ', 'ಫೈಫ್' ಬಾಯಲ್ಲಿ ಬರುವ ಬದಲು ತ್ರೀ, ಫೈವ್ ಬರುತ್ತಿತ್ತು. ಅಡಿಕೆ ಸುಲಿಯುವಾಗ ರೆಕಾರ್ಡ್ ಮಾಡಿ ಕೇಳಿದೆ. ಇನ್ನೊಂದು ಉಪಾಯವೂ ಇದೆ, ಅದನ್ನು ತಮ್ಮನಿಗೆ ಉಳಿಸಿದ್ದೇನೆ.

ದುಡ್ಡಿನ ಕಥೆಯೇ ದೊಡ್ಡದು. ಪ್ರತಿ 25 ಗಂಟೆ ಹಾರಾಟಕ್ಕೊಮ್ಮೆ ಫೀಸು ಕಟ್ಟುತ್ತೇನೆ ಅಂದದ್ದಕ್ಕೆ ಎರಡು ಸ್ಕೂಲಿನವರು ಬಾಗಿಲು ತೋರಿಸಿದರು. ಮೂರನೆಯವರು ಒಪ್ಪಿದರು. ಒಮ್ಮೆಲೇ ಇಪ್ಪತ್ತು ಲಕ್ಷ ಕಟ್ಟಿದ ಗೆಳೆಯನ ಸ್ಕೂಲಿನಲ್ಲಿ ವಿಮಾನ ರಿಪೇರಿಗೆ ನಿಂತು, ಅವನು ಏಳೆಂಟು ತಿಂಗಳು ಹಾಸ್ಟೆಲಿನಲ್ಲಿ ಕೂತ. ನನಗೂ ಎಲ್ಲ ಸಲೀಸಾಗಿರಲಿಲ್ಲ. ಫ್ಲೇರ್ ಮಾಡುವಾಗ, ಅಂದರೆ ನೆಲ ಮುಟ್ಟುವ ಮುಂಚೆ ಮೂಗು ಸ್ವಲ್ಪ ಎತ್ತುವಾಗ, ಸೆಸ್ನಾ ವಿಮಾನವನ್ನು ಪ್ರತಿ ಸಲ ಮೇಲಕ್ಕೆ ತೇಲಿಸಿಬಿಡುತ್ತಿದ್ದೆ, ಮೂಗಿನ ಕೆಳಗೆ ನೋಡುವುದು ಬಿಟ್ಟು ರನ್‌ವೇಯ ಆ ತುದಿ ನೋಡಲು ಶುರು ಮಾಡಿದ ಮೇಲೆ ಸರಿಯಾಯಿತು. ಸೋಲೋ, ಅಂದರೆ ಮೊದಲ ಸಲ ಒಬ್ಬನೇ ಹಾರುವಾಗ 24 ಗಂಟೆ ದಾಟಿತ್ತು. ಕೊಳೆರೋಗದಿಂದ ಫಸಲು ಹೋದ ವರ್ಷ ನಾಲ್ಕು ತಿಂಗಳು ಹಾರಾಟವೇ ಇಲ್ಲ, ಮನೆಗೆ ಬಂದು ತೋಟಕ್ಕೆ ಮದ್ದು ಹೊಡೆದೆ. 200 ಗಂಟೆ ಮುಗಿಯುವಾಗ ಊಟ, ಬಾಡಿಗೆ ಸೇರಿ 46 ಲಕ್ಷದ ಹತ್ತಿರ ಆಗಿತ್ತು.

ಇನ್ನು ಟೈಪ್ ರೇಟಿಂಗ್, ಅಂದರೆ ಏರ್‌ಬಸ್ ಎ320 ವಿಮಾನ ಹಾರಿಸುವ ಪ್ರತ್ಯೇಕ ಅರ್ಹತೆ, ಮತ್ತೆ ಹದಿನೈದು ಲಕ್ಷದ ಮಾತು. ಅಪ್ಪನ ಹತ್ತಿರ ಹೇಳಿದೆ. "ಹಳೆ ಅಡಿಕೆ ಇನ್ನೂ ಕೊಟ್ಟಿಲ್ಲ, ರೇಟು ನೋಡುವ" ಅಂದರು.