ಗುಂಡನ ಗಾಯ ಮೊದಲು ಮಾಯಿತು, ನನ್ನ ಭಯ ಆಮೇಲೆ

ಬೆಕ್ಕಿಗೆ ಶಸ್ತ್ರಚಿಕಿತ್ಸೆ ಆಗಬೇಕು ಎಂದು ಗೊತ್ತಾದಾಗ ಎಲ್ಲರೂ ಆ ಒಂದು ದಿನಕ್ಕಾಗಿ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಾರೆ. ಆ ದಿನ ಹೇಗೋ ಕಳೆದುಹೋಗುತ್ತದೆ. ನನ್ನನ್ನು ಹಣ್ಣುಗಾಯಿ ಮಾಡಿದ್ದು ಅದಕ್ಕೂ ಮೊದಲು ಮೈಗಂಟಿಕೊಂಡಿದ್ದ ಭಯ. ಬೆಕ್ಕು ಚೇತರಿಸಿಕೊಂಡು ಕಿಟಕಿಯ ಮೇಲೆ ಕುಳಿತು ಹಕ್ಕಿ ನೋಡತೊಡಗಿದ ಮೇಲೂ ಅದು ನನ್ನನ್ನು ಬಿಟ್ಟಿರಲಿಲ್ಲ. ಅದರೊಂದಿಗೆ ನಾನು ಹೇಗೆ ಏಗಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗುಂಡ ಗಂಡು ಬೆಕ್ಕು. ಅವನಿಗಿದ್ದದ್ದು ಮೂತ್ರ ಕಟ್ಟಿಕೊಳ್ಳುವ ತೊಂದರೆ. ಗಂಡು ಬೆಕ್ಕಿನ ಮೂತ್ರನಾಳ ತುದಿಯ ಕಡೆಗೆ ಹೋದಂತೆ ಬಹಳ ಕಿರಿದಾಗುತ್ತದೆ. ಮೂತ್ರಕೋಶದ ಉರಿಯೂತದಿಂದ ಹುಟ್ಟುವ ಲೋಳೆ ಅಥವಾ ಸಣ್ಣ ಹರಳು ಅಲ್ಲಿ ಸಿಕ್ಕಿಕೊಂಡರೆ, ಇಲ್ಲವೇ ನಾಳವೇ ಬಿಗಿದುಕೊಂಡರೆ, ಒಂದು ಹನಿಯೂ ಹೊರಗೆ ಬರುವುದಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ತಾಳ ತಪ್ಪುತ್ತದೆ, ಒಂದೆರಡು ದಿನಗಳಲ್ಲಿ ಪ್ರಾಣವೇ ಹೋಗಬಹುದು. ತಿಣುಕುವುದನ್ನು ನೋಡಿ ಮಲಬದ್ಧತೆ ಇರಬೇಕು ಎಂದುಕೊಂಡು ಬೆಳಗಿನವರೆಗೆ ಕಾಯುವವರು ಬಹಳ ಮಂದಿ. ದಯವಿಟ್ಟು ಕಾಯಬೇಡಿ. ಗಂಡು ಬೆಕ್ಕು ಮಲಮೂತ್ರಕ್ಕೆಂದು ಮಣ್ಣು ತುಂಬಿಟ್ಟ ಟ್ರೇಗೆ ಮತ್ತೆ ಮತ್ತೆ ಹೋಗಿ ಬರಿದೇ ಕುಳಿತು ಎದ್ದು ಬರುತ್ತಿದ್ದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು.

ಗುಂಡನಿಗೆ ಒಮ್ಮೆ ಕಟ್ಟಿ ಬಿಡಲಿಲ್ಲ, ಮರಳಿ ಮರಳಿ ಕಟ್ಟಿತು. ಮೂತ್ರ ಹೊರತೆಗೆಯುವ ಕೊಳವೆ ಎಂದರೆ ಕ್ಯಾಥೆಟರ್, ಡ್ರಿಪ್, ರಕ್ತಪರೀಕ್ಷೆ, ಮನೆ, ಒಂದಿಷ್ಟು ನೆಮ್ಮದಿ, ಮತ್ತೆ ಅದೇ. ಆ ದಿನಗಳಲ್ಲಿ ನನ್ನ ಕಿವಿ ಅವನ ಟ್ರೇಗೆ ಅಂಟಿಕೊಂಡಿತು. ಎಂಥ ನಿದ್ದೆಯಲ್ಲಿದ್ದರೂ ಉಗುರು ಮಣ್ಣು ಕೆದಕುವ ಸದ್ದು ಕೇಳಿದರೆ ಕಣ್ಣು ತೆರೆದುಕೊಳ್ಳುತ್ತಿತ್ತು. ಕೆದಕುವುದು ನಿಂತ ಮೇಲೆ ಒಂದು ಮೌನ. ಆ ಮೌನದಲ್ಲಿ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಮತ್ತೆ ಮಣ್ಣು ಮುಚ್ಚುವ ಸದ್ದು ಬಂದರೆ ಸಮಾಧಾನ. ಬಾರದೆ ಸಣ್ಣದೊಂದು ಕೂಗು ಕೇಳಿಸಿದರೆ ದೀಪ ಹಾಕಿ, ಡಾಕ್ಟರಿಗೆ ಫೋನು. ಹೀಗೆ ಬದುಕುವವರಿಗೆ ತಾವು ಎಷ್ಟು ದಣಿದಿದ್ದೇವೆ ಎಂಬುದೇ ತಿಳಿಯುವುದಿಲ್ಲ. ನನಗೂ ತಿಳಿದಿರಲಿಲ್ಲ.

ಕೊನೆಗೆ ಡಾಕ್ಟರು ಪೆರಿನಿಯಲ್ ಯುರೆತ್ರಾಸ್ಟಮಿಯ ಮಾತೆತ್ತಿದರು. ನಾಳದ ಅತಿ ಕಿರಿದಾದ ತುದಿಯ ಭಾಗವನ್ನು, ಎಂದರೆ ಶಿಶ್ನವನ್ನೇ, ತೆಗೆದುಹಾಕಿ ಒಳಗಿನ ಅಗಲವಾದ ಭಾಗವನ್ನು ಚರ್ಮಕ್ಕೆ ಹೊಲಿದು ಹೊಸ ದ್ವಾರ ಮಾಡುತ್ತಾರೆ. ಆಮೇಲೆ ಕಟ್ಟಿಕೊಳ್ಳುವ ಸಾಧ್ಯತೆ ಬಹಳಷ್ಟು ಕಡಿಮೆಯಾಗುತ್ತದೆ. ಆದರೆ ಉರಿಯೂತದ ಮೂಲ ಇದರಿಂದ ಹೋಗುವುದಿಲ್ಲ, ಮುಂದೆ ಮೂತ್ರದ ಸೋಂಕು ತಗಲುವ ಸಂಭವ ಸ್ವಲ್ಪ ಹೆಚ್ಚೇ ಆಗುತ್ತದೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ದಯಾಮರಣವೂ ಒಂದು ದಾರಿ ಎಂಬುದನ್ನೂ ಮೆಲ್ಲಗೆ ತಿಳಿಸಿದರು. ಆ ಮಾತು ಕೇಳಿ ನನಗೆ ಸಿಟ್ಟು ಬರಲಿಲ್ಲ. ಎಲ್ಲವನ್ನೂ ಎದುರಿಗಿಟ್ಟು ಮಾತಾಡುವವರ ಕೈಯಲ್ಲಿ ಬೆಕ್ಕನ್ನು ಕೊಡಬಹುದು ಎನ್ನಿಸಿತು.

ನಿರ್ಧಾರ ಮಾಡುವಾಗ ನನ್ನನ್ನು ಕಾಡಿದ್ದು ಅವನ ಒಪ್ಪಿಗೆ ಕೇಳಲು ಬಾರದಲ್ಲ ಎಂಬ ಸಂಕಟ. ಮತ್ತೆ ಜೋಡಿಸಲಾಗದ ಒಂದು ಅಂಗವನ್ನು ಅವನ ಪರವಾಗಿ ನಾನು ತೆಗೆಸುತ್ತಿದ್ದೇನೆ. ಅಕ್ಕ ಆಗ ಒಂದು ಮಾತು ಹೇಳಿದಳು: "ಅವನಿಗೆ ಬೇಕಾಗಿರುವುದು ನೋವಿಲ್ಲದೆ ಉಚ್ಚೆ ಹೊಯ್ಯುವುದು, ಅಷ್ಟೇ. ಗಂಡಸುತನದ ಚಿಂತೆ ನಿನ್ನದು, ಅವನದಲ್ಲ." ಸರಿಯಾದ ಮಾತು. ನಮ್ಮ ಲಜ್ಜೆ, ನಮ್ಮ ಕಲ್ಪನೆಗಳನ್ನೆಲ್ಲ ಬೆಕ್ಕಿನ ಮೈಮೇಲೆ ಹೇರಿ ನರಳುವುದರಲ್ಲಿ ಅರ್ಥವಿಲ್ಲ. ಅವನ ದಿನ ಹೇಗೆ ಕಳೆಯುತ್ತದೆ ಎಂಬುದೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡೆ.

ಇನ್ನು ಅರಿವಳಿಕೆಯ ಭಯ. ಇದಕ್ಕೆ ನನಗೆ ಔಷಧವಾಗಿ ಒದಗಿದ್ದು ಅಂಕಿಗಳು. 2008ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡದೊಂದು ಅಧ್ಯಯನದ ಪ್ರಕಾರ, ಅರಿವಳಿಕೆಗೆ ಸಂಬಂಧಿಸಿದ ಸಾವು ಆರೋಗ್ಯವಂತ ಬೆಕ್ಕುಗಳಲ್ಲಿ ಶೇ 0.11, ಕಾಯಿಲೆಯಿದ್ದ ಬೆಕ್ಕುಗಳಲ್ಲಿ ಶೇ 1.4ರಷ್ಟು. ಆದ್ದರಿಂದಲೇ ಡಾಕ್ಟರು ಮೊದಲು ಕ್ಯಾಥೆಟರ್ ಹಾಕಿ, ಡ್ರಿಪ್ ಕೊಟ್ಟು, ಪೊಟ್ಯಾಸಿಯಂ ಇಳಿದ ಮೇಲೆಯೇ ಆಪರೇಷನ್ ಎಂದು ಪಟ್ಟು ಹಿಡಿದಿದ್ದರು. ಅದೇ ಅಧ್ಯಯನದ ಇನ್ನೊಂದು ಸಂಗತಿ ನನಗೆ ಹೆಚ್ಚು ಉಪಯೋಗಕ್ಕೆ ಬಂತು: ಸತ್ತ ಬೆಕ್ಕುಗಳಲ್ಲಿ ಹೆಚ್ಚಿನವು ಸತ್ತದ್ದು ಶಸ್ತ್ರಚಿಕಿತ್ಸೆ ಮುಗಿದ ಮೇಲೆ, ಅದರಲ್ಲೂ ಬಹುಪಾಲು ಮೊದಲ 3 ಗಂಟೆಗಳೊಳಗೆ. ಹಾಗಾಗಿ "ಏನೂ ಆಗುವುದಿಲ್ಲ ಅಲ್ಲವೇ ಡಾಕ್ಟರೇ?" ಎಂದು ಕೇಳುವುದನ್ನು ಬಿಟ್ಟು, "ಮುಗಿದ ಮೇಲಿನ ಮೂರು ಗಂಟೆ ಅವನ ಪಕ್ಕದಲ್ಲಿ ಯಾರಿರುತ್ತಾರೆ? ಮೈ ಬೆಚ್ಚಗಿಡಲು ಏನು ವ್ಯವಸ್ಥೆಯಿದೆ?" ಎಂದು ಕೇಳಿದೆ. ಮೊದಲನೆಯ ಪ್ರಶ್ನೆಗೆ ಸಿಗುವುದು ಬರೀ ಸಾಂತ್ವನ. ಎರಡನೆಯದಕ್ಕೆ ಒಬ್ಬ ನರ್ಸಿನ ಹೆಸರು ಸಿಕ್ಕಿತು, ಬಿಸಿಗಾಳಿಯ ಹೊದಿಕೆಯನ್ನು ಕಣ್ಣಾರೆ ತೋರಿಸಿದರು. ಭಯಕ್ಕೆ ನಿಲ್ಲಲು ಒಂದು ನೆಲೆ ಸಿಕ್ಕಂತಾಯಿತು.

ಒಪ್ಪಿಗೆಪತ್ರದಲ್ಲಿ, ಹೃದಯ ನಿಂತರೆ ಮತ್ತೆ ಬಡಿಯುವಂತೆ ಮಾಡಲು ಪ್ರಯತ್ನಿಸಬೇಕೇ ಎಂಬ ಪ್ರಶ್ನೆ ಇರುತ್ತದೆ. ಅದಕ್ಕೆ ಉತ್ತರವನ್ನು ಹಿಂದಿನ ರಾತ್ರಿಯೇ ಮನೆಯವರೊಂದಿಗೆ ಕುಳಿತು ನಿಶ್ಚಯಿಸಿಕೊಳ್ಳಿ. ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಕೌಂಟರಿನ ಮುಂದೆ ನಿಂತು ಯೋಚಿಸುವ ವಿಷಯ ಅದಲ್ಲ.

ಆ ದಿನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆಸ್ಪತ್ರೆಯವರು ಎಷ್ಟು ಹೊತ್ತಿಗೆ ಫೋನ್ ಮಾಡುತ್ತಾರೆ ಎಂದು ಮೊದಲೇ ಕೇಳಿ ಬರೆದುಕೊಂಡಿದ್ದೆ. ಅಲ್ಲಿಯವರೆಗೆ ನಾನಾಗಿ ಕರೆ ಮಾಡುವುದಿಲ್ಲ ಎಂದು ನಿರ್ಧರಿಸಿದ್ದೆ. ವಿಚಾರಿಸುವ ಬಂಧುಮಿತ್ರರಿಗೆಲ್ಲ ಉತ್ತರಿಸುವ ಕೆಲಸ ಅಕ್ಕನದು. "ಒಂದು ಬೆಕ್ಕಿಗೆ ಇಷ್ಟೊಂದಾ?" ಎನ್ನುವವರೂ ಅವರಲ್ಲಿ ಇದ್ದರು. ಅಂಥ ಮಾತಿಗೆ ವಾದ ಹೂಡುವ ಶಕ್ತಿ ಆ ದಿನ ಯಾರಲ್ಲೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ನಾನು ಅವನಿಗಾಗಿ ಕೋಣೆ ಸಿದ್ಧ ಮಾಡುತ್ತಿದ್ದೆ. ಹಾರಬಹುದಾದ ಎತ್ತರದ ವಸ್ತುಗಳನ್ನೆಲ್ಲ ಹೊರಗೆ ಸಾಗಿಸಿದೆ. ಹೊಲಿಗೆಗೆ ಅಂಟಿಕೊಳ್ಳದಿರಲೆಂದು ಟ್ರೇಯಿಂದ ಮಣ್ಣು ತೆಗೆದು ಹರಿದ ಕಾಗದ ತುಂಬಿದೆ. ಅವನು ಮಲಗುತ್ತಿದ್ದ ಹಳೆಯ ಹೊದಿಕೆಯನ್ನು ಒಗೆಯದೆ ಹಾಗೆಯೇ ಹಾಸಿದೆ, ಅವನ ವಾಸನೆ ಅದರಲ್ಲಿ ಇರಲಿ ಎಂದು.

ಮನೆಗೆ ಬಂದ ಗುಂಡ ನನ್ನ ಗುಂಡನಂತಿರಲಿಲ್ಲ. ಕಣ್ಣಿನ ಪಾಪೆಗಳು ಅಗಲವಾಗಿ ಇಡೀ ಕಣ್ಣು ಕಪ್ಪಾಗಿತ್ತು. ಹೆಸರು ಹಿಡಿದು ಕರೆದರೆ ಗೋಡೆಯತ್ತ ನೋಡುತ್ತಿದ್ದ. ನನ್ನನ್ನೇ ಮರೆತನೇ ಎಂದು ಎದೆ ಹಿಂಡಿದಂತಾಯಿತು. ನೋವಿಗೆ ಕೊಡುವ ಬುಪ್ರೆನಾರ್ಫಿನ್‌ನಂತಹ ಔಷಧಗಳು ಬೆಕ್ಕಿನ ಪಾಪೆಯನ್ನು ಹಿಗ್ಗಿಸುತ್ತವೆ, ಕೆಲವು ಬೆಕ್ಕುಗಳು ಅದರ ಮಂಪರಿನಲ್ಲಿ ಗುರುಗುಟ್ಟುತ್ತ ಹೊದಿಕೆಯನ್ನು ನಾದುತ್ತಲೂ ಇರುತ್ತವೆ. ಇದನ್ನು ಡಾಕ್ಟರು ಮುಂಚೆಯೇ ಹೇಳಿದ್ದರಿಂದ ನಾನು ಬಚಾವಾದೆ. ಗೊತ್ತಿಲ್ಲದೆ ನೋಡುವವರಿಗೆ ಆ ಕಪ್ಪು ಕಣ್ಣುಗಳು ಬಹಳ ದಿನ ಕಾಡಬಹುದು.

ಗುರುಗುಟ್ಟುವಿಕೆಯನ್ನು ನಂಬಬಾರದು ಎಂಬುದೂ ಆಗಲೇ ಮನದಟ್ಟಾದದ್ದು. ಬೆಕ್ಕು ನೋವಿನಲ್ಲೂ ಗುರುಗುಡುತ್ತದೆ. ಹಾಗಾದರೆ ನೋವಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರ ತಂಡ 2019ರಲ್ಲಿ ಬೆಕ್ಕಿನ ಮುಖ ನೋಡಿ ನೋವು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದೆ. ಕಿವಿ ಹೇಗಿದೆ, ಕಣ್ಣು ಎಷ್ಟು ಕಿರಿದಾಗಿದೆ, ಮೂತಿ ಬಿಗಿದಿದೆಯೇ, ಮೀಸೆ ಸಡಿಲವಾಗಿ ಬಾಗಿದೆಯೋ ನೇರವಾಗಿ ಮುಂದಕ್ಕೆ ಚಾಚಿದೆಯೋ, ತಲೆ ಭುಜಕ್ಕಿಂತ ಕೆಳಗೆ ಜೋತಿದೆಯೋ. ಒಂದೊಂದಕ್ಕೂ 0ಯಿಂದ 2ರವರೆಗೆ ಅಂಕ, ಒಟ್ಟು 10. ಮೊತ್ತ 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೋವಿನ ಔಷಧದ ಬಗ್ಗೆ ಯೋಚಿಸಬೇಕು. ಬೆಳಿಗ್ಗೆ, ಸಂಜೆ, ಮಲಗುವ ಮೊದಲು ಇದನ್ನು ನೋಡಿ ಬರೆದಿಡುತ್ತಿದ್ದೆ. ಇದರಿಂದ ಅವನಿಗೆ ಎಷ್ಟು ಅನುಕೂಲವಾಯಿತೋ ನನಗೂ ಅಷ್ಟೇ ಆಯಿತು. ಹಗಲೆಲ್ಲ ಅವನ ಮುಖ ನೋಡುತ್ತ "ನೋವೇನೋ, ನೋವೇನೋ" ಎಂದು ಕೊರಗುತ್ತಿದ್ದವರಿಗೆ ನೋಡುವುದಕ್ಕೊಂದು ಹೊತ್ತು, ಬಿಡುವುದಕ್ಕೊಂದು ಹೊತ್ತು ಬಂತು. ರಾತ್ರಿ ಅಂಕ ಏರಿದಾಗ ಡಾಕ್ಟರಿಗೆ ಹೇಳಿದೆ, ಅವರು ಪ್ರಮಾಣ ಸರಿಪಡಿಸಿದರು. ಈ ಮಾತನ್ನಂತೂ ಒತ್ತಿ ಹೇಳುತ್ತೇನೆ: ನೋಡಲಾಗದೆ ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಡಲು ಹೋಗಬೇಡಿ, ಅದು ಬೆಕ್ಕಿಗೆ ವಿಷ.

ಗಾಯ ನೆಕ್ಕದಂತೆ ಕೊರಳಿಗೆ ಹಾಕುವ ಪ್ಲಾಸ್ಟಿಕ್ ಕೋನ್ ನೋಡಿಯೇ ಅರ್ಧ ಜನ ಸೋಲುತ್ತಾರೆ. ಗುಂಡ ಅದನ್ನು ಹಾಕಿದೊಡನೆ ಹಿಂದಕ್ಕೆ ಹಿಂದಕ್ಕೆ ನಡೆದ. ಬಾಗಿಲ ಚೌಕಟ್ಟಿಗೆ ಬಡಿದುಕೊಂಡು ಅಲ್ಲಿಯೇ ನಿಂತುಬಿಟ್ಟ. ತೆಗೆದುಬಿಡು ಎಂದು ಮನಸ್ಸು ಹೇಳುತ್ತಿತ್ತು. ಆದರೆ ಈ ಶಸ್ತ್ರಚಿಕಿತ್ಸೆಯಲ್ಲಿ ಬೆಕ್ಕು ಗಾಯ ನೆಕ್ಕಿದರೆ ಹೊಸ ದ್ವಾರವೇ ಕುಗ್ಗಿ ಮುಚ್ಚಿಕೊಳ್ಳಬಹುದು. ಆಗ ಅನುಭವಿಸಿದ್ದೆಲ್ಲ ವ್ಯರ್ಥ. ಕಿವಿಯ ಹಿಂದೆ ಕೆರೆದರೆ ಅವನು ನಾಲಿಗೆ ಚಾಚಿ ಪ್ಲಾಸ್ಟಿಕ್ಕಿನ ಒಳಮೈಯನ್ನೇ ಸರಸರನೆ ನೆಕ್ಕುತ್ತಿದ್ದ, ತನ್ನ ಮೈ ನೆಕ್ಕಿಕೊಳ್ಳುತ್ತಿದ್ದೇನೆ ಎಂಬಂತೆ. ಅದನ್ನು ನೋಡಿ ಅತ್ತಿದ್ದೇನೆ. ಆಮೇಲೆ ಅತ್ತು ಕುಳಿತುಕೊಳ್ಳುವ ಬದಲು ಆ ನೆಕ್ಕುವ ಕೆಲಸವನ್ನು ನಾನೇ ವಹಿಸಿಕೊಂಡೆ. ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಹಿಂಡಿ ಹಣೆ, ಕೆನ್ನೆ, ಗಲ್ಲ ಎಂದು ಕೂದಲ ಜಾಡಿನಲ್ಲೇ ಒರೆಸುತ್ತಿದ್ದೆ. ಅವನು ಕಣ್ಣು ಮುಚ್ಚಿ ಮುಖ ಒಡ್ಡುತ್ತಿದ್ದ.

ಅವನಿಗೆ ನೋವು ಕೊಡುವವಳೂ ನಾನೇ ಆಗಬೇಕಾಗಿದ್ದದ್ದು ಎಲ್ಲಕ್ಕಿಂತ ಕಷ್ಟವಾಯಿತು. ಸಿರಿಂಜ್ ಹಿಡಿದು ಬಂದರೆ ಮಂಚದಡಿಗೆ ನುಸುಳುತ್ತಿದ್ದ. ಬರಿಗೈಯಲ್ಲಿ ಬಂದರೂ ಹಾಗೆಯೇ ಮಾಡತೊಡಗಿದಾಗ ಒಂದು ಕಟ್ಟುಪಾಡು ಮಾಡಿಕೊಂಡೆ. ಔಷಧವೆಲ್ಲ ಮೇಜಿನ ಮೇಲೆ, ಒಂದೇ ಹಸಿರು ಟವೆಲಿನ ಮೇಲೆ. ಅವನ ಹಾಸಿಗೆಯ ಬಳಿ ಔಷಧವೂ ಇಲ್ಲ, ಹೊಲಿಗೆ ನೋಡುವುದೂ ಇಲ್ಲ, ಎತ್ತಿಕೊಳ್ಳುವುದೂ ಇಲ್ಲ. ಅಲ್ಲಿ ನಾನು ಸುಮ್ಮನೆ ನೆಲದ ಮೇಲೆ ಕುಳಿತು ಪುಸ್ತಕ ಓದುತ್ತಿದ್ದೆ. ಅಕ್ಕ ಬಂದಾಗ ಔಷಧ ಅವಳ ಪಾಲು. ಟವೆಲ್ ಹಾಸಿದರೆ ಏನು ನಡೆಯುತ್ತದೆ, ಹಾಸದಿದ್ದರೆ ಏನೂ ನಡೆಯುವುದಿಲ್ಲ ಎಂಬುದು ಬೆಕ್ಕಿಗೆ ಬಹುಬೇಗ ತಿಳಿಯುತ್ತದೆ. ಮಂಚದಡಿಯಿಂದ ಅವನು ತಾನಾಗಿ ಬಂದು, ಆ ಕೋನ್ ಸಮೇತ ನನ್ನ ತೊಡೆಗೆ ತಲೆ ಒತ್ತಿದ.

ಮನೆಗೆ ಬಂದ ಮೊದಲ ಮುಂಜಾವಿನಲ್ಲಿ ಕಾಗದದ ಮೇಲೆ ಮೂತ್ರ ಬಿದ್ದ ಸದ್ದು ಕೇಳಿಸಿತು. ದಪ್ಪ ಧಾರೆ, ತಡೆಯಿಲ್ಲದ ಸದ್ದು. ಎದ್ದು ಹೋಗಿ ನೋಡಿದರೆ ನಸುಗೆಂಪಾಗಿತ್ತು. ಆರಂಭದ ದಿನಗಳಲ್ಲಿ ಸ್ವಲ್ಪ ರಕ್ತದ ಬಣ್ಣ ಇರುತ್ತದೆ ಎಂದು ಹೇಳಿದ್ದರಾದರೂ ಒಂದು ಫೋಟೋ ತೆಗೆದು ಕಳಿಸಿದೆ. "ಚೆನ್ನಾಗಿದೆ" ಎಂದು ಉತ್ತರ ಬಂತು.

ಎರಡು ವಾರದ ಹೊತ್ತಿಗೆ ಹೊಲಿಗೆ ಬಿಚ್ಚಿ ಕೋನ್ ತೆಗೆದರು. ಎಲ್ಲರೂ ಅಭಿನಂದಿಸಿದರು. ನನ್ನ ಅತಿ ಕೆಟ್ಟ ವಾರ ಶುರುವಾದದ್ದು ಆಗ. ಕೈಕಾಲು ಸೋತು, ಊಟ ಸೇರದೆ, ಕಾರಣವಿಲ್ಲದೆ ಅಳು ಬರುತ್ತಿತ್ತು. ಅಪಾಯ ಇರುವಷ್ಟು ದಿನ ಬಿಗಿಯಾಗಿ ನಿಂತ ದೇಹ ಅಪಾಯ ಕಳೆದ ಮೇಲೆ ಕುಸಿಯುತ್ತದೆ. ರೋಗಿಯ ಆರೈಕೆ ಮಾಡಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಬೆಕ್ಕಿಗಾಗಿ ಹೀಗಾಗುವುದು ಅತಿಯಾಯಿತೇನೋ ಎಂದು ನಾಚಿಕೊಳ್ಳಬೇಕಾಗಿಲ್ಲ. ರಜೆ ಹಾಕಿ ಮಲಗಿದೆ.

ಕಿವಿ ಮಾತ್ರ ಇನ್ನೂ ಟ್ರೇಯಲ್ಲೇ ಇತ್ತು. ಅದನ್ನು ಒಂದೇ ಏಟಿಗೆ ಕೀಳಲಾಗಲಿಲ್ಲ, ಔಷಧದ ಪ್ರಮಾಣ ಇಳಿಸಿದಂತೆ ಇಳಿಸಿದೆ. ಮೊದಲು ಪ್ರತಿ ಸಲದ ಮೂತ್ರವನ್ನೂ ಗಂಟೆಸಹಿತ ಬರೆಯುತ್ತಿದ್ದೆ. ಆಮೇಲೆ ಬೆಳಿಗ್ಗೆ ಸಂಜೆ ಟ್ರೇ ಶುಚಿ ಮಾಡುವಾಗ ಒದ್ದೆಯ ಗಾತ್ರ ನೋಡಿ ಬರೆದರೆ ಸಾಕು ಎಂದುಕೊಂಡೆ. ಆಮೇಲೆ ಏನಾದರೂ ವ್ಯತ್ಯಾಸ ಕಂಡರೆ ಮಾತ್ರ. ಪುಸ್ತಕದಲ್ಲಿ ಖಾಲಿ ಪುಟಗಳು ಹೆಚ್ಚಾದವು. ಟ್ರೇಯನ್ನು ದಿನಕ್ಕೊಂದಿಷ್ಟು ಸರಿಸುತ್ತ ಮಲಗುವ ಕೋಣೆಯಿಂದ ಆಚೆಗೆ ಸಾಗಿಸಿದೆ. ಅಕ್ಕ ಬಂದು ಉಳಿದ ರಾತ್ರಿಗಳಲ್ಲಿ "ಈ ಹೊತ್ತು ಕೇಳಿಸಿಕೊಳ್ಳುವುದು ನನ್ನ ಕೆಲಸ, ನೀನು ಮಲಗು" ಎಂದು ಬಾಗಿಲು ಹಾಕಿಕೊಂಡಳು. ಕಾಯುವುದಕ್ಕೆ ಇನ್ನೊಬ್ಬರಿದ್ದಾರೆ ಎಂದಾಗಲೇ ನನಗೆ ಗಾಢ ನಿದ್ದೆ ಬಂದದ್ದು. ಒಬ್ಬರೇ ಇರುವವರು ಒಂದು ರಾತ್ರಿಗಾದರೂ ಯಾರನ್ನಾದರೂ ಕರೆಸಿಕೊಳ್ಳಿ.

ಬೆಕ್ಕಿನ ಮೂತ್ರಕೋಶದ ಉರಿಯೂತಕ್ಕೆ ಒತ್ತಡವೂ ಒಂದು ಕಾರಣ. ಅವನ ನೀರಿನ ಬಟ್ಟಲುಗಳನ್ನು ಹೆಚ್ಚಿಸಿ, ಒಣ ಆಹಾರ ಕಡಿಮೆ ಮಾಡಿ ನೀರಿನಂಶವಿರುವ ಆಹಾರ ಕೊಡುವುದರ ಜೊತೆಗೆ ಮನೆಯನ್ನು ಶಾಂತವಾಗಿಡಬೇಕು ಎಂದು ಡಾಕ್ಟರು ಹೇಳಿದ್ದಾರೆ. ನಾನು ನಿದ್ದೆ ಮಾಡುವುದು ಅವನ ಚಿಕಿತ್ಸೆಯ ಒಂದು ಭಾಗವೇ ಎಂದು ಭಾವಿಸಿದ್ದೇನೆ.

ಸೋಂಕು ಸದ್ದಿಲ್ಲದೆ ಬರಬಹುದಾದ್ದರಿಂದ ಆಗಾಗ ಮೂತ್ರಪರೀಕ್ಷೆ ಮಾಡಿಸಬೇಕು. ಪರೀಕ್ಷೆ ಹತ್ತಿರ ಬಂದ ವಾರ ಟ್ರೇಯ ಸದ್ದಿಗೆ ಈಗಲೂ ಎಚ್ಚರವಾಗುತ್ತದೆ. ಎದ್ದು ನೋಡುತ್ತೇನೆ, ಒದ್ದೆ ಇದ್ದರೆ ಮತ್ತೆ ಮಲಗುತ್ತೇನೆ. ಮುಂದಿನ ಪರೀಕ್ಷೆ ಬರುವ ತಿಂಗಳು, ಕೇಳಬೇಕಾದ ಪ್ರಶ್ನೆಗಳನ್ನು ಈಗಾಗಲೇ ಬರೆದಿಟ್ಟಿದ್ದೇನೆ.