ಕಾರು ನೀರಲ್ಲಿ ನಿಂತಿತ್ತಾ? ಕೀ ಮುಟ್ಟಬೇಡಿ, ಮೊದಲು ಬ್ಯಾಟರಿ ವೈರ್ ಬಿಚ್ಚಿ

ಹುಬ್ಬಳ್ಳಿಯಲ್ಲಿ ಕಾರುಗಳ ವೈರಿಂಗ್ ಕೆಲಸ ಮಾಡುತ್ತಾ ನನಗೆ ಹತ್ತೊಂಬತ್ತು ವರ್ಷ ಆಯ್ತು. ರಾತ್ರಿ ಜೋರು ಮಳೆ ಸುರಿದು ಉಣಕಲ್ ಹಳ್ಳ ಉಕ್ಕಿದರೆ ಬೆಳಗ್ಗೆ ಫೋನಿಗೆ ಬಿಡುವೇ ಇರುವುದಿಲ್ಲ. "ಕೀ ತಿರುವಿದೆ, ಟಕ್ ಅಂತು, ಸುಮ್ಮನಾಯ್ತು" ಅನ್ನುವವರೇ ಜಾಸ್ತಿ. ಕೀ ತಿರುವಿದ್ದೇ ತಪ್ಪು.

ಹೋದ ಮಳೆಗಾಲದಲ್ಲಿ ನಮ್ಮ ಓಣಿಯ ಮಾಸ್ತರರ ಆಲ್ಟೊ ರಾತ್ರಿಯಿಡೀ ನೀರಲ್ಲಿ ನಿಂತಿತ್ತು. ಬಾನೆಟ್ ಎತ್ತಿದರೆ ಬ್ಯಾಟರಿಯ ಅರ್ಧದ ತನಕ ರಾಡಿಯ ಗೆರೆ.

"ಒಂದ್ಸಲ ಚಾಲೂ ಮಾಡಿ ನೋಡ್ಲೇನು?"

"ಬ್ಯಾಡ್ರಿ ಮಾಸ್ತರ್ರ, ಕೀ ಮನಿಯೊಳಗ ಇಟ್ಟು ಬರ್ರಿ" ಅಂದೆ.

ಏರ್ ಫಿಲ್ಟರ್‌ಗೆ ನೀರು ಹೋಗಿದ್ದರೆ, ಸೆಲ್ಫ್ ಹೊಡೆದ ಕೂಡಲೇ ಅದು ಸಿಲಿಂಡರ್ ಒಳಗೆ ಸೇರುತ್ತದೆ. ಗಾಳಿಯ ಹಾಗೆ ನೀರು ಕುಗ್ಗುವುದಿಲ್ಲ, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬ್ಯಾಟರಿ ಹೋದರೆ ಕೆಲವು ಸಾವಿರ ರೂಪಾಯಿ. ಇಂಜಿನ್ ಹೋದರೆ ಲೆಕ್ಕವೇ ಬೇರೆ.

ನೀರು ಇಳಿದ ಮೇಲೆ ವಿಮೆಗೆ ಬೇಕಾಗುತ್ತದೆ ಅಂತ ನಾಲ್ಕು ಫೋಟೊ ತೆಗೆದಿಡಿ. ಉಂಗುರ, ಬಳೆ, ವಾಚ್ ಕಳಚಿ. ಹತ್ತು ನಂಬರ್ ಪಾನಾದಿಂದ ಮೊದಲು ಮೈನಸ್ ವೈರ್ ಬಿಚ್ಚಿ, ಆಮೇಲೆ ಪ್ಲಸ್. ಕಾರಿನ ಬಾಡಿಯೆಲ್ಲ ಮೈನಸ್ಸೇ ಅಲ್ವಾ? ಪ್ಲಸ್ ಮೊದಲು ಬಿಚ್ಚುವಾಗ ಪಾನಾ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ಆದರೆ ನಡುವೆ ಉಂಗುರ ಸಿಕ್ಕರೆ ಬೆರಳು ಸುಡುತ್ತದೆ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಾದರೆ ಇದ್ಯಾವುದನ್ನೂ ಮಾಡಬೇಡಿ. ಹೈ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್ ಹತ್ತಿರವೂ ಹೋಗದೆ ಸರ್ವಿಸ್‌ನವರನ್ನು ಕರೆಸಿ.

ಬ್ಯಾಟರಿಯನ್ನು ವಾಲಿಸದೆ ನೆಟ್ಟಗೆ ಎತ್ತಿ ಹೊರಗಿಡಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಮುಚ್ಚಳಗಳು ಬಿಗಿಯಾಗಿವೆಯಾ ನೋಡಿ. ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಡಿಗೆ ಸೋಡಾ ಕಲಸಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಟರ್ಮಿನಲ್ ತಿಕ್ಕಿ. ಬುರುಬುರು ನೊರೆ ಎದ್ದರೆ ಅಲ್ಲಿ ಆಸಿಡ್ ಇತ್ತು ಅಂತ ಅರ್ಥ. ಸೋಡಾ ನೀರು ಒಂದು ಹನಿಯೂ ಒಳಗೆ ಹೋಗಬಾರದು. ಒಳಗಿನ ಆಸಿಡ್ಡನ್ನೂ ಅದು ಕೊಲ್ಲುತ್ತದೆ. ಒಣ ಅರಿವೆಯಿಂದ ಒರೆಸಿ.

ಹೊರಗೆ ನೀರು ತಾಗಿದ್ದಕ್ಕೆ ಬ್ಯಾಟರಿ ಸಾಯುವುದಿಲ್ಲ. ಒಳಗೆ ಇಳಿದರೆ ಸಾಯುತ್ತದೆ. ಮುಚ್ಚಳ ತೆಗೆಯಲು ಬರುವ ಬ್ಯಾಟರಿಯಾದರೆ, ಹೊರಗೆಲ್ಲ ಒಣಗಿದ ಮೇಲೆ ಆರೂ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಒಳಗಿನ ದ್ರವ ತಿಳಿಯಾಗಿ, ಗುರುತಿನ ಒಳಗೇ ಇರಬೇಕು. ಕೆಂಪಗೆ, ಕದಡಿದ ಹಾಗೆ ಕಂಡರೆ ಅಥವಾ ಬಾಯಿ ತನಕ ತುಂಬಿದ್ದರೆ ಆಸೆ ಬಿಡಿ. ಕೆಲವರು ಅದನ್ನು ಚೆಲ್ಲಿ ಡಿಸ್ಟಿಲ್ಡ್ ವಾಟರ್ ತುಂಬುತ್ತಾರೆ. ಚೆಲ್ಲಿದ್ದರಲ್ಲಿ ಆಸಿಡ್ಡೂ ಹೋಯ್ತು, ಬರೀ ನೀರಿನಿಂದ ಕರೆಂಟ್ ಎಲ್ಲಿಂದ ಬರಬೇಕು? ಚೆಲ್ಲಿದ ಗಟಾರ ಬೇರೆ ಹಾಳು. ಹಳೆಯದನ್ನು ಬ್ಯಾಟರಿ ಅಂಗಡಿಗೆ ಕೊಡಿ, ಹೊಸದರ ಬೆಲೆಯಲ್ಲಿ ಕಡಿಮೆ ಮಾಡುತ್ತಾರೆ.

ಮಾಸ್ತರರ ಬ್ಯಾಟರಿಯ ಆರೂ ಸೆಲ್, ಅಂದರೆ ಮುಚ್ಚಳಗಳ ಕೆಳಗಿನ ಕೋಣೆಗಳು, ತಿಳಿಯಾಗಿದ್ದವು. ವೋಲ್ಟ್ ಮೀಟರ್ ಹಿಡಿದರೆ 12.1 ವೋಲ್ಟ್. ಪೂರ್ತಿ ಚಾರ್ಜ್ ಇದ್ದರೆ 12.6 ತೋರಿಸಬೇಕು, 12ರ ಹತ್ತಿರ ಬಂತೆಂದರೆ ಬಹಳ ಇಳಿದಿದೆ. ಅವರದ್ದು ಸಾಮರ್ಥ್ಯದಲ್ಲಿ 35 ಆಂಪಿಯರ್ ಅವರ್‌ನದು. ಅದರ ಹತ್ತನೇ ಒಂದು ಭಾಗ, ಅಂದರೆ ಮೂರೂವರೆ ಆಂಪಿಯರ್‌ನಲ್ಲಿ ನಿಧಾನವಾಗಿ ಚಾರ್ಜ್ ಮಾಡಿದೆ. ಅದೂ ತೆರೆದ ಪಡಸಾಲೆಯಲ್ಲಿ, ಯಾಕಂದರೆ ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಬೀಡಿ, ಕಡ್ಡಿ ಹತ್ತಿರ ಬರಬಾರದು. ತುಂಬಿದ ಮೇಲೆ ಒಂದು ರಾತ್ರಿ ಸುಮ್ನೆ ಬಿಟ್ಟೆ. ಬೆಳಗ್ಗೆಯೂ 12.6. ಏನೂ ಜೋಡಿಸದೆ ರಾತ್ರಿಯಲ್ಲೇ 12.2ಕ್ಕೆ ಬಿದ್ದಿದ್ದರೆ ಯಾವುದೋ ಸೆಲ್ ಹೋಗಿದೆ ಅಂತಲೇ ತಿಳಿಯಿರಿ.

ಅಷ್ಟರಲ್ಲಿ ಮೆಕ್ಯಾನಿಕ್ ಬಂದು ಏರ್ ಫಿಲ್ಟರ್, ಇಂಜಿನ್ ಆಯಿಲ್ ನೋಡಿ ನೀರಿಲ್ಲ ಅಂದ. ಫ್ಯೂಸ್ ಬಾಕ್ಸ್ ಒಣಗಿಸಿದೆವು. ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ಬರಬೇಕು. ಬರದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡಬೇಕು. ಮಾಸ್ತರರು ಮೀಟರ್‌ನತ್ತ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ತಾವೇ ಓದಿದರು. 14.1.