ಹಾರ್ಮೋನಿನ ಸಂದೇಶವನ್ನು ಎರಡು ಬಣ್ಣಗಳಲ್ಲಿ ಬರೆದು ಕಲಿಯುವ ಕ್ರಮ

ಧಾರವಾಡದಲ್ಲಿ ಪಿಯುಸಿ ವಿದ್ಯಾರ್ಥಿಗಳಿಗೆ ಜೀವಶಾಸ್ತ್ರ ಕಲಿಸುವಾಗ ಒಂದು ಕೊರತೆಯನ್ನು ನಾನು ಪ್ರತಿವರ್ಷವೂ ಕಾಣುತ್ತೇನೆ. ಹಾರ್ಮೋನು, ಅದನ್ನು ಹಿಡಿಯುವ ಗ್ರಾಹಕ, ಒಳಗಿನ ಸಂದೇಶವಾಹಕ, ಪರಿಣಾಮ ಎಂದು ಬಾಣದ ಗುರುತುಗಳನ್ನು ಅವರು ತಪ್ಪಿಲ್ಲದೆ ಹಾಕುತ್ತಾರೆ. ಆ ಸಂದೇಶವನ್ನು ಯಾವುದು ನಿಲ್ಲಿಸುತ್ತದೆ ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ. ಆದ್ದರಿಂದ ಈ ಪಾಠಕ್ಕೆ ಎರಡು ಪೆನ್ನು ಹಿಡಿಯಿರಿ: ಸಾಗುವ ಹೆಜ್ಜೆಗಳಿಗೆ ನೀಲಿ, ನಿಲ್ಲಿಸುವ ಹೆಜ್ಜೆಗಳಿಗೆ ಕೆಂಪು.

ಮೊದಲು ಒಂದು ಜೀವಕೋಶವನ್ನು ಹಾಳೆಯ ತುಂಬ ಬರೆದು, ಹಾರ್ಮೋನು ಕೋಶಪೊರೆಯನ್ನು ದಾಟಬಲ್ಲುದೇ ಎಂದು ಕೇಳಿಕೊಳ್ಳಿ. ಕಾರ್ಟಿಸಾಲ್ ಎಂಬ ಹಾರ್ಮೋನು ಕೊಬ್ಬಿನಲ್ಲಿ ಕರಗುವುದರಿಂದ ಒಳಗೆ ಹೋಗಿ, ಅಲ್ಲಿನ ಗ್ರಾಹಕದೊಡನೆ ಸೇರಿ, ಕೋಶಕೇಂದ್ರದಲ್ಲಿ ಜೀನುಗಳ ಕೆಲಸವನ್ನೇ ಬದಲಿಸುತ್ತದೆ. ಹೊಸ ಪ್ರೋಟೀನು ತಯಾರಾಗಬೇಕಾದ್ದರಿಂದ ಈ ದಾರಿ ನಿಧಾನ. 51 ಅಮೈನೋ ಆಮ್ಲಗಳ ಇನ್ಸುಲಿನ್, ಅಥವಾ 29 ಅಮೈನೋ ಆಮ್ಲಗಳ ಗ್ಲುಕಗಾನ್ ಹೀಗೆ ದಾಟಲಾರವು. ಅವುಗಳ ಗ್ರಾಹಕವನ್ನು ಪೊರೆಯ ಮೇಲೆಯೇ ಬರೆಯಬೇಕು.

ಈಗ ಗ್ಲುಕಗಾನಿನ ದಾರಿಯನ್ನು ಪೂರ್ತಿಯಾಗಿ ಬರೆಯಿರಿ. ರಾತ್ರಿ ಒಂಬತ್ತಕ್ಕೆ ರೊಟ್ಟಿ ಉಂಡು ಮಲಗಿ, ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೆಯಲ್ಲಿ ಸಪ್ತಾಪುರದ ಟ್ಯೂಷನ್ನಿಗೆ ನಡೆಯುವ ವಿದ್ಯಾರ್ಥಿಯ ರಕ್ತದಲ್ಲಿ ಗ್ಲೂಕೋಸ್ ಕುಸಿಯದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಮೇದೋಜೀರಕ ಗ್ರಂಥಿಯಿಂದ ಬಂದ ಗ್ಲುಕಗಾನ್, ಯಕೃತ್ತಿನ ಕೋಶಪೊರೆಯನ್ನು ಏಳು ಬಾರಿ ಹಾದು ಹೊಕ್ಕಿರುವ ತನ್ನ ಗ್ರಾಹಕಕ್ಕೆ ಅಂಟುತ್ತದೆ. ಗ್ರಾಹಕದ ಆಕಾರ ಬದಲಾಗಿ, ಗ್ರಾಹಕದ ಸುದ್ದಿಯನ್ನು ಮುಂದೆ ದಾಟಿಸುವ ಒಳಬದಿಯ ಜಿ-ಪ್ರೋಟೀನು ತನ್ನಲ್ಲಿದ್ದ ಜಿಡಿಪಿ ಎಂಬ ಎರಡು ಫಾಸ್ಫೇಟುಗಳ ಅಣುವನ್ನು ಬಿಟ್ಟು, ಮೂರು ಫಾಸ್ಫೇಟುಗಳ ಜಿಟಿಪಿಯನ್ನು ಹಿಡಿಯುತ್ತದೆ. ಅದರಿಂದ ಚುರುಕಾದ ಅಡೆನಿಲೈಲ್ ಸೈಕ್ಲೇಸ್ ಎಂಬ ಕಿಣ್ವ, ಕೋಶಕ್ಕೆ ಶಕ್ತಿ ಕೊಡುವ ಅಣುವಾದ ಎಟಿಪಿಯನ್ನು ಸೈಕ್ಲಿಕ್ ಎಎಂಪಿಯಾಗಿ ಮಾರ್ಪಡಿಸುತ್ತದೆ. ಇದೇ ಒಳಗಿನ ಸಂದೇಶವಾಹಕ. ಅದು ಪ್ರೋಟೀನ್ ಕೈನೇಸ್ ಎ ಕಿಣ್ವವನ್ನು ಎಬ್ಬಿಸಿ, ಫಾಸ್ಫೇಟ್ ಅಂಟಿಸುವ ಸರಣಿಯ ಮೂಲಕ ಗ್ಲೈಕೋಜನ್ (ಗ್ಲೂಕೋಸಿನ ಸಂಗ್ರಹ ರೂಪ) ಒಡೆದು ಗ್ಲೂಕೋಸ್ ಹೊರಬರುವಂತೆ ಮಾಡುತ್ತದೆ. ಒಂದೊಂದು ಕಿಣ್ವವೂ ಅನೇಕ ಅಣುಗಳ ಮೇಲೆ ಕೆಲಸ ಮಾಡುವುದರಿಂದ, ಕೆಳಗಿಳಿದಂತೆ ನೀಲಿ ಬಾಣವನ್ನು ದಪ್ಪವಾಗಿಸುತ್ತ ಹೋಗಿ. ಸೈಕ್ಲಿಕ್ ಎಎಂಪಿಯನ್ನು ಕಂಡುಹಿಡಿದ ಅರ್ಲ್ ಸದರ್‌ಲ್ಯಾಂಡ್ ಅವರಿಗೆ 1971ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಕೆಂಪು ಪೆನ್ನಿನ ಕೆಲಸಕ್ಕೆ ಅವಸರ ಬೇಡ. ಜಿ-ಪ್ರೋಟೀನು ತಾನು ಹಿಡಿದ ಜಿಟಿಪಿಯನ್ನು ತಾನೇ ಜಿಡಿಪಿಯಾಗಿಸಿ ಶಾಂತವಾಗುತ್ತದೆ. ಫಾಸ್ಫೋಡೈಎಸ್ಟರೇಸ್ ಎಂಬ ಕಿಣ್ವ ಸೈಕ್ಲಿಕ್ ಎಎಂಪಿಯನ್ನು ಸಾಮಾನ್ಯ ಎಎಂಪಿಯಾಗಿಸುತ್ತದೆ. ಅಂಟಿಸಿದ ಫಾಸ್ಫೇಟನ್ನು ಫಾಸ್ಫಟೇಸ್‌ಗಳು ಕಿತ್ತು ಹಾಕುತ್ತವೆ. ಇವುಗಳಲ್ಲಿ ಒಂದು ತಪ್ಪಿದರೂ ಏನಾದೀತು ಎಂಬುದಕ್ಕೆ ಕಾಲರಾ ಸಾಕ್ಷಿ. ಕಾಲರಾ ವಿಷವು ಕರುಳಿನ ಕೋಶದಲ್ಲಿ ಜಿ-ಪ್ರೋಟೀನು ಜಿಟಿಪಿಯನ್ನು ಒಡೆಯದಂತೆ ಮಾಡುವುದರಿಂದ, ಸೈಕ್ಲಿಕ್ ಎಎಂಪಿ ಏರಿದ ಮಟ್ಟದಲ್ಲೇ ಉಳಿದು, ಕ್ಲೋರೈಡ್ ಮತ್ತು ಅದರ ಹಿಂದೆ ನೀರು ಕರುಳಿನೊಳಗೆ ಸುರಿಯುತ್ತವೆ. ಮನುಷ್ಯನ ಪ್ರಾಣ ಹೋಗುವುದಕ್ಕೆ ನಿಲ್ಲದ ಒಂದು ಸಂದೇಶ ಸಾಕು ಎಂದು ಹೇಳಿದ ದಿನ ತರಗತಿಯ ಹಿಂದಿನ ಬೆಂಚಿನವರೂ ಕೆಂಪು ಪೆನ್ನು ಕೈಗೆತ್ತಿಕೊಳ್ಳುತ್ತಾರೆ.

ಕೊನೆಗೆ ಇನ್ಸುಲಿನ್. ಆ ವಿದ್ಯಾರ್ಥಿ ಮನೆಗೆ ಮರಳಿ ಅವಲಕ್ಕಿ ತಿಂದ ಮೇಲೆ ನಡೆಯುವ ಕೆಲಸವಿದು. ಇದರ ಗ್ರಾಹಕಕ್ಕೆ ಜಿ-ಪ್ರೋಟೀನಿನ ಆಸರೆ ಬೇಕಿಲ್ಲ. ಗ್ರಾಹಕವೇ ಒಂದು ಕಿಣ್ವವಾಗಿದ್ದು, ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಅಂಟಿಸಿ ಸರಣಿಯನ್ನು ಆರಂಭಿಸುತ್ತದೆ. ಸ್ನಾಯುಕೋಶದಲ್ಲಿ ಗ್ಲೂಕೋಸ್ ಒಳತರುವ ವಾಹಕಗಳು ಪೊರೆಗೆ ಬಂದು ಸೇರುತ್ತವೆ. ಯಕೃತ್ತಿನಲ್ಲಿ ಗ್ಲೈಕೋಜನ್ ಕಟ್ಟುವ ಕೆಲಸ ಶುರುವಾಗುತ್ತದೆ. ಗ್ಲುಕಗಾನ್ ಅಂಟಿಸಿದ್ದ ಫಾಸ್ಫೇಟುಗಳನ್ನು ಕೀಳಿಸುವುದೂ ಇನ್ಸುಲಿನ್ನಿನ ಕೆಲಸವೇ ಆದ್ದರಿಂದ, ಇದರ ನೀಲಿ ಬಾಣದ ತುದಿಯನ್ನು ಮೊದಲಿನ ಚಿತ್ರಕ್ಕೆ ಕೆಂಪು ಗೆರೆಯಾಗಿ ಜೋಡಿಸಿ.

ಚಿತ್ರ ಮುಗಿದ ಮೇಲೆ, ಎರಡನೇ ಬಗೆಯ ಮಧುಮೇಹದಲ್ಲಿ ರಕ್ತದಲ್ಲಿ ಇನ್ಸುಲಿನ್ ಇದ್ದೂ ಸ್ನಾಯು ಗ್ಲೂಕೋಸನ್ನು ಸರಿಯಾಗಿ ಒಳಗೆ ತೆಗೆದುಕೊಳ್ಳದಿರುವುದಕ್ಕೆ ದೋಷವನ್ನು ಎಲ್ಲಿ ಗುರುತಿಸುವಿರಿ ಎಂದು ಪಕ್ಕದವರನ್ನು ಕೇಳಿ. ಬಹಳಷ್ಟು ಮಕ್ಕಳು ಮೊದಲು ಪೊರೆಯ ಹೊರಗೆ ಗುರುತು ಹಾಕುತ್ತಾರೆ. ಮುಖ್ಯವಾಗಿ ಹಾಕಬೇಕಾದದ್ದು ಒಳಗೆ, ಗ್ರಾಹಕದಿಂದ ಕೆಳಗಿಳಿಯುವ ಸರಣಿಯ ಮೇಲೆ.